ಕೊನೆಯ ಪೌಂಡು

ಕ್ರಾಡಕ್ಸ್ ಬೇಯಲ್ಲಿ ಈಗ ಸೇಬಿಲ್ಲ,
ಸೇಬಿನ ಮಾತಿದೆ.
ಅದನ್ನೇ ಹೆಕ್ಕಲು ಹೋಗುತ್ತೇನೆ, ಮಂಗಳವಾರ, ಗುರುವಾರ,
ಬೆಂಕಿಪೊಟ್ಟಣದಷ್ಟು ಯಂತ್ರವೊಂದನ್ನು
ಚಹಾ ಕಪ್ಪಿಗೂ ಬಿಸ್ಕತ್ತಿನ ತಟ್ಟೆಗೂ ನಡುವೆ ಇಟ್ಟು:
ಹೆಸರು ಹೇಳಿ, ಹುಟ್ಟಿದ ವರ್ಷ ಹೇಳಿ,
ಐವತ್ತೆಂಟರ ಸುಗ್ಗಿಹಬ್ಬ ನೆನಪಿದೆಯೇ?

ನೆನಪಿಲ್ಲದೆ ಏನು!
ಇನ್ನೂರು ಜನ ಹಿಡಿಸುವ ಹಾಲು ಅದು;
ಅಲ್ಲಿದ್ದರೆಂದು ಅವರಿವರು ಹೇಳಿದವರನ್ನೆಲ್ಲ ಕೂಡಿದರೆ
ಇವತ್ತಿಗೆ ಆರುನೂರ ಹದಿನಾಲ್ಕು.
ರಾಣಿಯ ಗೌನು ತಿಳಿಹಳದಿ, ಎನ್ನುತ್ತಾಳೆ ರೋಮಾ ಹೇ.
ಬಿಳಿ, ಅಕ್ಕನ ಮದುವೆಯದು, ತೋಳು ಬಿಚ್ಚಿ ಹೊಲಿದದ್ದು,
ಎನ್ನುತ್ತಾನೆ ಅಥೋಲ್ ಬ್ರೀನ್.
ಗೋಡೆಯ ಫೋಟೋಗೆ ಬಣ್ಣದ ಗೊಡವೆಯಿಲ್ಲ.

ಚೆಲುವಿಗೆ ಸಿಗುವ ಕಿರೀಟವಲ್ಲ ಅದು, ಕಾಸಿಗೆ.
ಪೆನ್ನಿಗೊಂದು ಮತ.
ಊರಿನ ಆಸ್ಪತ್ರೆಗೆ ಎಕ್ಸ್‌ರೇ ಯಂತ್ರ ಬೇಕಿತ್ತು,
ಜಾಡಿ ಹಿಡಿದು ಅಲೆದರು ಹುಡುಗಿಯರು ಆರು ವಾರ.
ಕೊನೆಗೆ ಉಳಿದವರು ಇಬ್ಬರು:
ಬ್ಯಾಂಕ್ ಮ್ಯಾನೇಜರನ ಮಗಳು ಲೊರೇನ್,
ಪ್ಯಾಕಿಂಗ್ ಷೆಡ್ಡಿನ ನೆರಿಡಾ ಡೋರ್ಲೋ,
ನಿಮಿಷಕ್ಕೆ ನಲವತ್ತು ಸೇಬಿಗೆ ತೆಳುಕಾಗದ ಸುತ್ತುವವಳು.
ನೆರಿಡಾ ಗೆದ್ದಳು. ಅಂತರ ಇನ್ನೂರ ನಲವತ್ತು ಮತ.
ಅಂದರೆ, ನೆಟ್ಟಗೆ ಒಂದು ಪೌಂಡು.

ಆ ಪೌಂಡು ನನ್ನದು, ಎನ್ನುತ್ತಾನೆ ಅಥೋಲ್, ಹಂದಿ ಮಾರಿದ ದುಡ್ಡು.
ನನ್ನ ಗಂಡನದು, ಎನ್ನುತ್ತಾಳೆ ರೋಮಾ,
ನನಗೆ ಗೊತ್ತಾಗಬಾರದೆಂದು ಕತ್ತಲಲ್ಲಿ ಹಾಕಿ ಬಂದ, ಪಾಪ.
ಹಡಗಿಗೆ ಪೆಟ್ಟಿಗೆ ಏರಿಸುತ್ತಿದ್ದ ಕ್ಲೈವ್ ಟ್ಯಾಟ್ನೆಲ್‌ಗೆ
ಅಂದು ಇಸ್ಪೀಟಿನಲ್ಲಿ ಎಲೆ ಒಲಿದಿತ್ತಂತೆ.
ಪಾದ್ರಿಯ ಮಗಳು ತಗ್ಗಿದ ದನಿಯಲ್ಲಿ:
ಅಪ್ಪ, ಕಾಣಿಕೆ ಡಬ್ಬಿಯಿಂದ...
ಬೇಡ, ಅದನ್ನು ಅಳಿಸಿಬಿಡಿ.
(ಅಳಿಸಿಲ್ಲ.)

ಆಮೇಲೆ? ಎಂದರೆ ಎಲ್ಲರ ಮಾತೂ ಮೊಟಕು.
ಇಂಗ್ಲೆಂಡು ಪಕ್ಕದ ಮನೆಯವರ ಜೊತೆ ಸಂಬಂಧ ಬೆಳೆಸಿತು,
ನಮ್ಮ ಸೇಬು ಯಾರಿಗೂ ಬೇಡವಾಯಿತು.
ಎಕರೆಗಿಷ್ಟು ಎಂದು ಕೊಟ್ಟು ಸರ್ಕಾರವೇ ಮರ ಕೀಳಿಸಿತು.
ಸ್ಟರ್ಮರ್, ಡೆಮಾಕ್ರಾಟ್, ಕ್ಲಿಯೋಪಾತ್ರ,
ಬೇರು ಮೇಲಾಗಿ ಬಿದ್ದು ಉರಿದವು ವಾರಗಟ್ಟಲೆ.
ಹೊಗೆಯೂ ಸಿಹಿಯಾಗಿತ್ತು, ಎಂದ ಕ್ಲೈವ್.
ಅಲ್ಲಿಂದ ಮುಂದೆ ಎರಡು ನಿಮಿಷ
ಅವನ ಫ್ರಿಜ್ಜು ಗೊರಗುಟ್ಟುವುದಷ್ಟೇ ಕೇಳುತ್ತದೆ.

ನೆರಿಡಾಗೆ ಈಗ ಎಂಬತ್ತನಾಲ್ಕು.
ಅಂಗಡಿಯ ಚೀಟಿ ಅಂಟಿದ ಸೇಬನ್ನು
ಸಿಪ್ಪೆ ತುಂಡಾಗದಂತೆ ಸುಲಿಯುತ್ತ ಹೇಳಿದಳು:
ಪೌಂಡು ನನ್ನದೇ. ಬರ್ಕೋ.
ಸಂಬಳದಲ್ಲಿ ಒಂದು ನೋಟು ತೆಗೆದು,
ಸೇಬಿನ ಕಾಗದದಲ್ಲಿ ಸುತ್ತಿ, ನನ್ನ ಜಾಡಿಗೆ ನಾನೇ ಹಾಕಿಕೊಂಡೆ.
ಎಣಿಸಿದವರು ಅಥೋಲನ ಅಪ್ಪ.
ಕಾಗದದ ಮಡಿಕೆ ನೋಡಿದರೆ ಗೊತ್ತಾಗದೇ,
ಹತ್ತು ವರ್ಷ ಷೆಡ್ಡಿನ ಮೇಸ್ತ್ರಿ ಆತ!
ಮೂಸಿ ನೋಡಿ, ಜೇಬಿಗಿಳಿಸಿದರು ಕಾಗದ.
ಮುಖ ನೋಡಲಿಲ್ಲ ನನ್ನದು.

ಅಮ್ಮನಿಗೆ ಹೇಳಿದೆ, ಜೆಟ್ಟಿಯ ಹತ್ತಿರ ಗಾಳಿಗೆ ಹಾರಿಹೋಯಿತು ಅಂತ.
ನೀರಿಳಿದ ಹೊತ್ತಿಗೆ ಲಾಂದ್ರ ಹಿಡಿದು ಹೋದಳು,
ಮೊಣಕಾಲುದ್ದ ಕೆಸರಿನಲ್ಲಿ, ಮೂರು ರಾತ್ರಿ.
ಕಿಟಕಿಯಿಂದ ನೋಡುತ್ತಿದ್ದೆ.
ಕಿರೀಟ ಮಂಚದ ಕೆಳಗಿತ್ತು.

ಆ ನಾಲ್ಕು ಪೌಂಡುಗಳನ್ನು ಈಗ ಏನು ಮಾಡಲಿ?
ಅವಳನ್ನು ಕೇಳಲಿಲ್ಲ.
ಐದಕ್ಕೂ ಒಂದೊಂದು ಚೀಟಿ ಅಂಟಿಸಿಟ್ಟಿದ್ದೇನೆ.
ಗೌನು? ಎಂದೆ, ಹೊರಡುವಾಗ.
ಹಸಿರು, ಎಂದಳು,
ಯಾರೂ ಸರಿಯಾಗಿ ಹೇಳೋದಿಲ್ಲ.

ಒಂದು ಸಲ ಕೇಳಿಸು, ಎಂದಳು.
ತಲೆ ವಾಲಿಸಿ ಕೇಳಿದಳು ತನ್ನನ್ನೇ, ಪರರ ಸುದ್ದಿಯಂತೆ.
ಇದು ನಾನಲ್ಲ, ಅಮ್ಮ, ಎಂದಳು.
ಅಮ್ಮ ಹೀಗೇ ಮಾತಾಡುತ್ತಿದ್ದಳು.
ಸುಲಿದ ಸೇಬು ತಟ್ಟೆಯಲ್ಲಿ ಕಂದಾಗುತ್ತಿತ್ತು.
ಸಿಪ್ಪೆಯನ್ನು ನನ್ನ ಕೈಗೆ ಕೊಟ್ಟಳು, ಇಡಿಯಾಗಿ,
ಕೋಳಿಗೆ ಹಾಕು ಅಂತ.