ಸ್ವಂತ ವಾಕ್ಯದಲ್ಲಿ ಬಳಸಿ

ಒಂಬತ್ತನೇ ಬಿ. ನಲವತ್ತೊಂದು ಉತ್ತರಪತ್ರಿಕೆ.
ಎರಡು ಅಂಕದ ಪ್ರಶ್ನೆ, ನಾನೇ ಹಾಕಿದ್ದು:
‘ಕಾಕತಾಳೀಯ’ – ಸ್ವಂತ ವಾಕ್ಯದಲ್ಲಿ ಬಳಸಿ.

ಪಾಠದ ದಿನ ಬೋರ್ಡಿನ ಮೇಲೆ ಬರೆದು ತೋರಿಸಿದ್ದೆ
ಒಂದು ಕಾಗೆ, ಒಂದು ತಾಳೆಮರ.
ಕಾಗೆ ಕೋಳಿಯ ಹಾಗಿತ್ತು, ಮರ ಪೊರಕೆಯ ಹಾಗೆ.
ಕಾಗೆ ಬಂದು ಕೂತಿತು, ಹಣ್ಣು ಬಿತ್ತು.
ಕೂತದ್ದರಿಂದ ಬಿದ್ದದ್ದಲ್ಲ,
ಬೀಳಲಿ ಅಂತ ಕೂತದ್ದೂ ಅಲ್ಲ.
ನಡುವೆ ‘ಆದ್ದರಿಂದ’ ಹಾಕಬೇಡಿ,
ಹಾಕಿದರೆ ಪದ ಸತ್ತುಹೋಗುತ್ತದೆ, ಅಂದಿದ್ದೆ.
ಹಿಂದಿನ ಬೆಂಚು ಕೇಳಿತ್ತು:
ಹಣ್ಣು ಯಾರು ತಿಂದರು ಮಿಸ್?

ಈಗ ಹಲಸೂರಿನ ಈ ಮೂರನೇ ಮಹಡಿಯಲ್ಲಿ
ಫ್ಯಾನು ಹಾಕಿದರೆ ಹಾಳೆ ಹಾರುತ್ತದೆ,
ಹಾಕದಿದ್ದರೆ ಕೆಂಪು ಪೆನ್ನು ಬೆರಳಿಗೆ ಅಂಟುತ್ತದೆ.

‘ನಮ್ಮ ತಾರಸಿಯ ಮೇಲೆ ದಿನಾ ಒಂದು ಕಾಕತಾಳೀಯ ಬಂದು ಕೂರುತ್ತದೆ.’
ಸೊನ್ನೆ.
‘ನನ್ನ ತಮ್ಮ ಬಹಳ ಕಾಕತಾಳೀಯ. ಆದ್ದರಿಂದ ಟೀಚರು ಹೊಡೆದರು.’
ಸೊನ್ನೆ. ಹೊಡೆದ ಟೀಚರು ನಾನಲ್ಲ.
ಇರ್ಷಾದನ ಅಕ್ಷರ, ಹೊರಟ ಬಸ್ಸಿನ ಹಿಂದೆ ಓಡುವ ಅಕ್ಷರ:
‘ಕಾಕಾ, ತಾಳಿ, ಟೀ ದುಡ್ಡು ಕೊಡುತ್ತೇನೆ.’
ಸೊನ್ನೆ ಹಾಕಿ, ನಕ್ಕು,
ಆ ಸೊನ್ನೆಯನ್ನೇ ಇನ್ನಷ್ಟು ದುಂಡಗೆ ತಿದ್ದಿದೆ.

ಮುಬೀನಾ: ‘ನಲ್ಲಿಯಲ್ಲಿ ಕಾವೇರಿ ಬಂದ ದಿನವೇ
ಅಮ್ಮ ನಕ್ಕಳು. ಇದು ಕಾಕತಾಳೀಯ.’
ಅಲ್ಲ ಮುಬೀನಾ, ಇದು ಕಾರಣ.
ಕೊಡ ತುಂಬುವ ಸದ್ದಿಗೆ ನಗದ ಅಮ್ಮ
ಈ ಬೀದಿಯಲ್ಲಿ ಯಾರಿದ್ದಾರೆ ಹೇಳು –
ಎಂದು ಮಾರ್ಜಿನಿನಲ್ಲಿ ಬರೆಯಲು ಹೊರಟೆ,
ಜಾಗ ಸಾಲಲಿಲ್ಲ.
ಒಂದು ಅಂಕ.

ಆಮೇಲೆ ಪೊನ್ನರಸಿ. ಕೇಳಿದ್ದು ಒಂದು ವಾಕ್ಯ, ಬರೆದದ್ದು ಮೂರು.
‘ನಮ್ಮಪ್ಪ ಗಾಡಿಯಲ್ಲಿ ತಾಟಿನಿಂಗು ಮಾರುತ್ತಾರೆ.
ಕಾಗೆ ಬಂದರೆ ಕೋಲು ಎತ್ತುತ್ತಾರೆ.
ನಮ್ಮ ಗಾಡಿಯಲ್ಲಿ ಕಾಕತಾಳೀಯ ನಡೆಯುವುದಿಲ್ಲ.’

ಪೆನ್ನು ನಿಂತಿತು.
ಇಪ್ಪತ್ತಮೂರು ವರ್ಷ ಈ ಪದ ಕಲಿಸಿದ್ದೇನೆ,
ಇಪ್ಪತ್ತಮೂರು ಬೇಸಿಗೆ ತಾಟಿನಿಂಗು ತಿಂದಿದ್ದೇನೆ,
ಪದದೊಳಗಿನ ತಾಳವೂ ಇದೇ ಎಂದು
ಒಂದು ದಿನವೂ ನಾಲಿಗೆಗೆ ಹೊಳೆಯಲಿಲ್ಲ.
ವ್ಯಾಕರಣ ಸರಿ, ಅರ್ಥ ತಪ್ಪು. ಅಥವಾ
ಅರ್ಥ ಸರಿ, ನಾನು ಕಲಿಸಿದ್ದು ಅರ್ಧ.
ಎರಡು ಹಾಕಿದೆ. ಹೊಡೆದುಹಾಕಿದೆ.
ಒಂದೂವರೆ. ಅದನ್ನೂ ಹೊಡೆದುಹಾಕಿದೆ.

ಕಟ್ಟನ್ನು ಬ್ಯಾಗಿಗೆ ತುಂಬಿ ಕೆಳಗಿಳಿದೆ.
ಹಾಲಿಗೆ ಅಂತಲೇ ಹೊರಟದ್ದು, ಇದನ್ನು ನೀವು ನಂಬಬೇಕು.
ಜೋಗುಪಾಳ್ಯದ ತಿರುವಿನಲ್ಲಿ ಗಾಡಿ.
ನೇರಳೆಗಪ್ಪು ಕಾಯಿಗಳ ರಾಶಿ,
ಮಚ್ಚಿನ ಒಂದೇಟಿಗೆ ಮೂರು ಕಣ್ಣು ಬಿಡುವ ಕಾಯಿ,
ತಂತಿಯ ಮೇಲೆ ಕಾಗೆ, ಚಕ್ರಕ್ಕೆ ಒರಗಿದ ಕೋಲು.
ಮಗಳ ಹೆಸರೇನು ಅಂತ ಕೇಳಬಹುದಿತ್ತು.
ಕೇಳಲಿಲ್ಲ.
ಹುಡುಕುವ ಬಳ್ಳಿ ಕಾಲಿಗೆ ತೊಡರಿದ್ದು ಬೇರೆ ಗಾದೆ,
ಅದು ಬೇರೆ ಪ್ರಶ್ನೆಯ ಉತ್ತರ.
ನಾನು ಹುಡುಕಿಕೊಂಡು ಬಂದದ್ದು ಅರ್ಧ ಲೀಟರ್ ಹಾಲು.

ಅವನು ಒಂದು ಡಜನ್ ಕಟ್ಟಿದ.
ನನ್ನ ಕೈ ಉತ್ತರಪತ್ರಿಕೆಗಳ ನಡುವೆ ಪರ್ಸು ತಡಕುತ್ತಿತ್ತು.
ಮೇಲಿನಿಂದ: ಕಾ, ಕಾ.
‘ತಾಳಿ, ದುಡ್ಡು ಕೊಡ್ತೀನಿ’ ಅಂದೆ ನಾನು.

ಅಂದಮೇಲೆ ಕೇಳಿಸಿತು.
ಟೀ ಒಂದು ಬಿಟ್ಟರೆ ಇರ್ಷಾದನದೇ ವಾಕ್ಯ,
ಅರ್ಧ ಕಾಗೆಯದು, ಅರ್ಧ ನನ್ನದು,
ನಡುವೆ ಯಾವ ‘ಆದ್ದರಿಂದ’ವೂ ಇಲ್ಲ.
ನಡುರಸ್ತೆಯಲ್ಲಿ ಒಬ್ಬಳೇ ನಗುವವಳನ್ನು ನೋಡಿ
ಗಾಡಿಯವನು ಕೋಲು ಎತ್ತಿದ, ನನಗಲ್ಲ, ಕಾಗೆಗೆ.
‘ಇರಲಿ ಬಿಡಿ, ಅದೂ ನಮ್ಮ ಕ್ಲಾಸೇ.’

ಹಾಲು ಮರೆತು ಮನೆಗೆ ಬಂದೆ.
ಇರ್ಷಾದನ ಸೊನ್ನೆಗೆ ಗೀಟು ಎಳೆದು ಪಕ್ಕದಲ್ಲಿ ಅರ್ಧ ಬರೆದೆ,
ಬರೆದು ಒಂದು ತಣ್ಣನೆ ಕಣ್ಣು ಸುಲಿದು ಬಾಯಿಗೆ ಹಾಕಿಕೊಂಡೆ.
ಅದು ಒಡೆದು, ಗಲ್ಲದಿಂದ ಒಂದು ಹನಿ
ಪೊನ್ನರಸಿಯ ಹಾಳೆಯ ಮೇಲೆ ಬಿತ್ತು,
ಹೊಡೆದುಹಾಕಿದ ಎರಡೂ ಒಂದೂವರೆಯೂ ಕಲಸಿ ಕೆಂಪಾದವು.

ಹಣ್ಣು ಯಾರು ತಿಂದರು ಮಿಸ್?
ತಡೆಯಿರಿ, ಬಾಯಿ ತುಂಬ ಇದೆ.