ಕಾಲು ಸುತ್ತು

ರಿಜೈನಾದ ಆ ಬೀದಿಯಲ್ಲಿ ಯಾವ ಬಾಗಿಲೂ
ಚೌಕಟ್ಟಿನ ಮಾತು ಕೇಳುವುದಿಲ್ಲ.
ಲರೀಸಾ ಹ್ನಾತ್ಯುಕ್ ಭುಜಕೊಟ್ಟು ತೆರೆದಳು.
ಬೂಟು ಹೊರಗೇ ಬಿಡಿ ಅಂದಳು;
ಅವಳ ಹಿತ್ತಲಿನ ಅರ್ಧ ಅದಕ್ಕೆ ಮೆತ್ತಿತ್ತು.

ನೆಲಮಾಳಿಗೆಯಲ್ಲಿ ಬೀಟ್‌ರೂಟ್ ಉಪ್ಪಿನಕಾಯಿಯ ಜಾಡಿ,
ಯಾರದೋ ಪಿಯಾನೊದ ಬಿಚ್ಚಿಟ್ಟ ಹಲ್ಲುಗಳು,
ಶ್ರುತಿ ಕೂಡಿಸುವುದು ಅವಳ ಕಸುಬು.
ನಡುವೆ, ತೊಲೆಗೆ ತಲೆಕೊಟ್ಟ ಮೂರು ಉಕ್ಕಿನ ಕಂಬ,
ನೆತ್ತಿಯಲ್ಲಿ ತಿರುಪು.
ಹಿಮ ಕರಗಿದ ಮೊದಲ ಭಾನುವಾರ
ಓರೆಸ್ಟ್ ಪಾನಾ ಹಿಡಿದು ಇಳಿಯುತ್ತಿದ್ದನಂತೆ,
ನೆಲ ಎದ್ದಷ್ಟು ಕಂಬವನ್ನು ಕುಗ್ಗಿಸಲು.
ಗೋಡೆಯ ಮೇಲಿದೆ ಪೆನ್ಸಿಲ್ ಲೆಕ್ಕ:
ತೊಂಬತ್ತೊಂದು, ಕಾಲು ಸುತ್ತು.
ತೊಂಬತ್ತೆರಡು, ಏನಿಲ್ಲ, ಒಣ ವರ್ಷ.
ತೊಂಬತ್ತೊಂಬತ್ತು, ಅರ್ಧ, ಜೊತೆಗೊಂದು ಬೈಗುಳ.
ಕೊನೆಯ ನಾಲ್ಕು ವಸಂತ ಖಾಲಿ.

"ಮೂಸ್ ಜಾ ಊರಿನ ದಂತವೈದ್ಯೆಯ ಜೊತೆ ಹೋದ.
ಅದೇ ವಾರ ಅವನು ನೆಟ್ಟ ಪಾಪ್ಲರ್ ಕಡಿಸಿದೆ.
ಬೇರು ಸತ್ತರೆ ಮನೆ ನೆಟ್ಟಗಾಗುತ್ತೆ ಅಂದುಕೊಂಡೆ.
ಈಗ ನೋಡಿ, ಮೇಜಿನ ಮೇಲೆ ಪೆನ್ಸಿಲ್ ನಿಲ್ಲಲ್ಲ."

ಪ್ರಯೋಗಾಲಯದಲ್ಲಿ ಅವಳ ಹಿತ್ತಲನ್ನು
ಒಂದು ಬಿಲ್ಲೆಯಷ್ಟು ಕೊರೆದು ಉಕ್ಕಿನ ಬಳೆಯಲ್ಲಿ ಕೂರಿಸಿದೆ.
ನೀರು ಬಿಟ್ಟೆ.
ಮುಳ್ಳು ಕದಲಿತು. ಒಂದು ತೂಕ ಇಟ್ಟೆ. ನಿಂತಿತು.
ಕದಲಿತು. ಇನ್ನೊಂದು.
ಏಳದ ಹಾಗೆ ತಡೆಯಲು ಬೇಕಾದ ಭಾರವೇ
ಏಳುವ ಬಲದ ಅಳತೆ.
ಊಟಕ್ಕೆ ಹೋಗಿ ಬಂದರೆ ಮತ್ತೆ ಕದಲಿದೆ.
ಸಂಜೆಗೆ ಕಪಾಟಿನ ತೂಕಗಳೆಲ್ಲ ಮುಗಿದು
ಪಕ್ಕದ ಮೇಜಿನವರ ಹತ್ತಿರ ಸಾಲ ಕೇಳಿದೆ.

ಅವಳಿಗೆ ಹೀಗೆ ಹೇಳಿದೆ:
ಈ ಮಣ್ಣು ಹಾಳೆ ಹಾಳೆ,
ಹಾಳೆ ಹಾಳೆಯ ನಡುವೆ ನೀರಿಗೆಂದೇ ಕಾದಿಟ್ಟ ಸಂದು.
ಮರ ಮೂವತ್ತು ವರ್ಷ ಕುಡಿಯಿತು,
ಮಣ್ಣು ಹಲ್ಲು ಕಚ್ಚಿ ಕುಗ್ಗಿ ಕೂತಿತ್ತು.
ಬೇರು ಎತ್ತುತ್ತಿರಲಿಲ್ಲ,
ಹಿಡಿದಿಟ್ಟಿತ್ತು.
ಈಗ ಬಾಕಿ ವಸೂಲಿ,
ಹನಿ ಹನಿಯಾಗಿ.

"ಅಂದರೆ ಅವನ ಮರವೇ..."
ಅಂದವಳು ಅರ್ಧಕ್ಕೆ ನಿಲ್ಲಿಸಿ ಜೋರಾಗಿ ನಕ್ಕಳು,
ಜಾಡಿಗಳು ಸಣ್ಣಗೆ ಅದುರಿದವು.
"ಎಷ್ಟು ವರ್ಷ?"
ಹತ್ತು. ಹದಿನೈದೂ ಆಗಬಹುದು.

ಪಾನಾ ನನ್ನ ಕೈಯಿಂದ ತಾನೇ ತೆಗೆದುಕೊಂಡಳು.
ಕಿವಿಯನ್ನು ಕಂಬಕ್ಕೆ ಒತ್ತಿ,
ಮಂದ್ರದ ತಂತಿಯೊಂದನ್ನು ಸಡಿಲಿಸುವವಳ ಹಾಗೆ
ಕಣ್ಣು ಮುಚ್ಚಿ ತಿರುಗಿಸಿದಳು.
ತೊಲೆ ಒಮ್ಮೆ ಗುಟುರು ಹಾಕಿತು.
ಮೇಲೆ ಎಲ್ಲೋ, ಯಾರೂ ಮುಟ್ಟದ ಬಾಗಿಲು
ಮೆಲ್ಲನೆ ಅಲುಗಿತು, ಮುಚ್ಚಲಿಲ್ಲ.

ಸಾಕು, ಒಂದೇ ಸಲ ಪೂರ್ತಿ ಬೇಡ ಅಂದೆ.
"ಅಷ್ಟು ನನಗೂ ಗೊತ್ತು."
ಪೆನ್ಸಿಲ್ ಹುಡುಕಿ,
ಅವನ ಬೈಗುಳದಿಂದ ಒಂದು ಗೇಣು ದೂರದಲ್ಲಿ
ಇಸವಿ ಬರೆದಳು, ಕಾಲು ಸುತ್ತು ಅಂತ ಬರೆದಳು,
ಅಕ್ಷರ ತೀರ ಸಣ್ಣದು,
ಕೆಳಗೆ ಹದಿನೈದು ಸಾಲು ಹಿಡಿಯಬೇಕಲ್ಲ.