ಋಣ ನಾಲ್ಕು

ಹದಿನೇಳನೇ ತೂಬು ಎತ್ತಿದ ಮೇಲೆ
ಕೆಳಗಿನ ಅಳತೆಗಂಬಕ್ಕೆ ನೀರು ಮುಟ್ಟಲು ಎಷ್ಟು ಹೊತ್ತು?
ಕೇಳಿದ್ದು ಇಷ್ಟೇ.
ಮಂಡ್ಯದ ಕಚೇರಿ, ಬಂದು ಹೋಗುವ ಕರೆಂಟು,
ಎಂಟು ತಿಂಗಳ ಅಂಕಿ, ಐದು ಅಜ್ಞಾತ,
ಮತ್ತೆ ತಗ್ಗು ಹುಡುಕಿಕೊಂಡು
ಕತ್ತಲಲ್ಲಿ ಕಾಲಾಡಿಸುತ್ತ ಇಳಿಯುವ ಸಾಫ್ಟ್‌ವೇರು.

ಮೊದಲ ಊಹೆ ನನ್ನದೇ. ಹತ್ತು ಎಂದೆ.
ನಲವತ್ತನೇ ಸುತ್ತಿಗೆ ಅದು ಸೊನ್ನೆಯ ಬೇಲಿಗೆ ಬಂದು
ಹಸುವಿನ ಹಾಗೆ ಕೊರಳು ಚಾಚಿ ನಿಂತಿತು.
ಮೂವತ್ತು ಕೊಟ್ಟೆ. ಒಂದೂವರೆ ಕೊಟ್ಟೆ.
ಎಲ್ಲಿಂದ ಬಿಟ್ಟರೂ ಅದೇ ಬೇಲಿ, ಅದೇ ಕೊರಳು.

ಬೇಲಿ ಕಿತ್ತೆ.
ಋಣ ನಾಲ್ಕು, ಎಂದಿತು.
ಅಂದರೆ ತೂಬು ಎತ್ತುವ ನಾಲ್ಕು ನಿಮಿಷ ಮೊದಲೇ
ನೀರು ಬಂದು ಕಂಬ ಮುಟ್ಟಿದೆ!
ನಗು ಬಂತು. ಆದರೆ ರೇಖೆಯ ಮೇಲೆ ರೇಖೆ
ಮಡಿಸಿದ ಸೀರೆಯ ಅಂಚಿನಂತೆ ಕೂತಿತ್ತು.

ಬೆಳಗಿನ ಜಾವ ಕೊಪ್ಪದ ಕವಲಿಗೆ ಹೋದೆ.
ಐದು ನಲವತ್ತಕ್ಕೆ ಸೌಡಿ ಜವರಯ್ಯ ಚಕ್ರ ತಿರುಗಿಸಿದ,
ಹಲ್ಲಿಗೆ ಹಲ್ಲು ಸಿಕ್ಕಿ ಕಬ್ಬಿಣ ನರಳಿತು.
ಒಂದು ಹೊಂಗೆ ಎಲೆ ನೀರಿಗೆ ಬಿಟ್ಟು ಕಂಬದತ್ತ ಓಡಿದೆ.
ಎಲೆಗಿಂತ ಮೊದಲು ಅಲೆ ಬಂತು.
ಏಳು ನಿಮಿಷ.
ಎಲೆ ಇನ್ನೂ ಎಲ್ಲೋ ಜೊಂಡಿಗೆ ಸಿಕ್ಕಿ ಸುತ್ತುತ್ತಿತ್ತು.

ತಿರುಗಿ ನೋಡಿದರೆ
ಜವರಯ್ಯ ಇನ್ನೂ ಏರಿಯ ಮೇಲೇ.
ಎಡ ಮಂಡಿ ಹಿಡಿದು ಒಂದು ಹೆಜ್ಜೆ, ನಿಂತು, ಒಂದು ಹೆಜ್ಜೆ,
ಶೆಡ್ಡಿನತ್ತ. ಕನ್ನಡಕ ಅಲ್ಲಿ, ಪುಸ್ತಕ ಅಲ್ಲಿ,
ಗೋಡೆ ಗಡಿಯಾರ ಅಲ್ಲಿ.
ಬರೆದ: ಐದು ಐವತ್ತಮೂರು.

ಹದಿಮೂರು. ಲೆಕ್ಕಕ್ಕೆ ಬೇಕಿದ್ದದ್ದು ಹನ್ನೊಂದು.
ನೀರಿನ ನಡೆ, ಅವನ ನಡೆ, ಒಂದೇ ಅಂಕಿಯೊಳಗೆ ಹೆಣೆದುಕೊಂಡು
ಕಚೇರಿಯಲ್ಲಿ ಕೂತು ಎಷ್ಟು ಬೆವರಿದರೂ ಬಿಚ್ಚದ ಗಂಟು.
ಈಗ ನೀರಿನ ಏಳನ್ನು ಗೂಟಕ್ಕೆ ಕಟ್ಟಿ
ತಿಂಗಳು ತಿಂಗಳು ಬೇರೆ ಮಾಡಿ ಮತ್ತೆ ಓಡಿಸಿದೆ.
ಜನವರಿಯಲ್ಲಿ ಅವನದು ಒಂಬತ್ತು.
ಮೇ ಹೊತ್ತಿಗೆ ಹನ್ನೊಂದು.
ಆಗಸ್ಟಿಗೆ ಹದಿಮೂರು.

ಹೇಳಿದೆ. ಬೀಡಿ ಕಿವಿಗೆ ಸಿಕ್ಕಿಸಿಕೊಂಡು ಕೇಳಿದ,
"ಅಂಗಾರೆ ನನ್ ಮಂಡಿನೋವೂ ಅದ್ರೊಳ್ಗೆ ಐತಾ ಕಣವ್ವ?"
ಆಮೇಲೆ ತಡೆದು, "ಮೇಲಿನೋರ್ಗೆ ಏಳ್ಬ್ಯಾಡಿ."

ವರದಿಗೆ ಒಂದು ಅಕ್ಷರ ಬೇಕಿತ್ತು.
ಗ್ರೀಕಿಗೆ ಹೋಗಲಿಲ್ಲ, 'ಜ' ಎಂದಿಟ್ಟೆ.
ಪರಿಹಾರ ಸುಲಭ:
ತೂಬಿನ ಪಕ್ಕದಲ್ಲೇ ದಪ್ಪಂಕಿಯ ಒಂದು ಗಡಿಯಾರ.
ಹಾಕಿಸಿದ ದಿನ 'ಜ' ಸೊನ್ನೆಯಾಗುತ್ತದೆ.
ಮಂಡಿ ಆಗುವುದಿಲ್ಲ,
ಯಾವ ಅಂಕಿಯಲ್ಲೂ ಇರುವುದಿಲ್ಲ ಅಷ್ಟೇ.

ಗಡಿಯಾರದ ಅರ್ಜಿ
ಇನ್ನೂ ನನ್ನ ಮೇಜಿನ ಮೇಲಿದೆ.